ಬೀರುವಿನಲ್ಲಿರುವ ಹಳೇ ಲೆನ್ಸ್ ಹೊಸ ಕ್ಯಾಮೆರಾಗೆ ಕೂರುತ್ತಾ?

ತಿಂಗಳಿಗೆ ನಾಲ್ಕೈದು ಸಲ ಇದೇ ಪ್ರಶ್ನೆ. "ಅಪ್ಪನ ಹಳೇ ಜೆನಿಟ್ ಕ್ಯಾಮೆರಾ ಸಿಕ್ಕಿದೆ, ಇದರ ಲೆನ್ಸ್ ನನ್ನ ಸೋನಿಗೆ ಕೂರುತ್ತಾ?" ಇನ್ನೊಬ್ಬರ ಹತ್ತಿರ ನಿಕಾನ್ ಇರುತ್ತದೆ, ಮತ್ತೊಬ್ಬರ ಹತ್ತಿರ ಫ್ಯೂಜಿ. ಕೆಲವರು ಕೇಳುವ ಹೊತ್ತಿಗೆ ಅಡಾಪ್ಟರ್ (ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವ ಬಳೆ) ತರಿಸಿ ಆಗಿರುತ್ತದೆ, ದೂರದ್ದು ಒಂದೂ ಫೋಕಸ್ ಆಗುತ್ತಿರುವುದಿಲ್ಲ, ಲೆನ್ಸ್ ಕೆಟ್ಟಿದೆ ಎಂದುಕೊಂಡು ಬೇಜಾರಾಗಿರುತ್ತಾರೆ. ಹೆಚ್ಚಿನ ಸಲ ಲೆನ್ಸ್ ಚೆನ್ನಾಗಿಯೇ ಇರುತ್ತದೆ. ಒಂದು ಕಳೆಯುವ ಲೆಕ್ಕ ತಪ್ಪಿರುತ್ತದೆ, ಅಷ್ಟೇ.

ಇಲ್ಲಿ ಬರೆದಿರುವುದು ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವ ಹಳೇ ಲೆನ್ಸ್‌ಗಳ ಬಗ್ಗೆ, ಅದರಲ್ಲೂ 50 ಮಿಮೀ ಆಸುಪಾಸಿನವುಗಳ ಬಗ್ಗೆ. ಆಗ ಕ್ಯಾಮೆರಾ ಜೊತೆಗೇ ಬರುತ್ತಿದ್ದದ್ದು ಇವೇ, ಹಾಗಾಗಿ ಮನೆಗಳಲ್ಲಿ ಈಗ ಸಿಗುವುದೂ ಇವೇ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಕ್ಯಾಮೆರಾ, ಲೆನ್ಸ್, ಅಡಾಪ್ಟರ್, ಮೊಬೈಲ್ ಟಾರ್ಚ್, ಗಾಳಿ ಊದುವ ರಬ್ಬರ್ ಬ್ಲೋವರ್. ಲೆನ್ಸ್‌ಗಳನ್ನು ಹೋಲಿಸಿ ನೋಡುವುದಾದರೆ ಒಂದು ಟ್ರೈಪಾಡ್, ಐದು ಹಾಳೆ ಹಳೇ ದಿನಪತ್ರಿಕೆ, ಒಂದು ಚಿಕ್ಕ ಕನ್ನಡಿ, ಸೆಲ್ಲೋಟೇಪ್.

1. ಮೊದಲು ಟಾರ್ಚ್ ಬಿಟ್ಟು ನೋಡಿ

ಅಡಾಪ್ಟರ್‌ಗೆ ದುಡ್ಡು ಹಾಕುವ ಮುಂಚೆ ಲೆನ್ಸ್ ಬಳಸುವ ಸ್ಥಿತಿಯಲ್ಲಿದೆಯಾ ನೋಡಿಕೊಳ್ಳಿ. ಅಪರ್ಚರ್ ಪೂರ್ತಿ ತೆಗೆಯಿರಿ. ಅಪರ್ಚರ್ ಅಂದರೆ ಲೆನ್ಸ್ ಒಳಗೆ ಬೆಳಕಿನ ದಾರಿಯನ್ನು ಹಿಗ್ಗಿಸುವ, ಕುಗ್ಗಿಸುವ ತೆಳು ಲೋಹದ ಎಸಳುಗಳು. ಎಫ್/2 ಅಂದರೆ ದಾರಿ ಅಗಲ, ಎಫ್/16 ಅಂದರೆ ಕಿರಿದು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಹಿಂಬದಿಯಿಂದ ಸ್ವಲ್ಪ ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ.

ಧೂಳಿನ ಚುಕ್ಕೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಟಾರ್ಚ್ ಬೆಳಕಿನಲ್ಲಿ ಹೊಸ ಲೆನ್ಸ್ ಕೂಡ ಕೊಳಕಾಗಿಯೇ ಕಾಣುತ್ತದೆ. ಜೇಡರ ಬಲೆಯ ಹಾಗೆ ಕವಲೊಡೆದ ಗೆರೆಗಳಿದ್ದರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ, ಯಾಕೆಂದರೆ ನಾಲ್ಕು ತಿಂಗಳ ಮಳೆಯನ್ನು ಆ ಲೆನ್ಸ್ ಚರ್ಮದ ಚೀಲದೊಳಗೆ ಕೂತು ಕಳೆದಿರುತ್ತದೆ, ಚರ್ಮವೋ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಮಧ್ಯದ ಗಾಜಿಗೆಲ್ಲ ಹರಡಿದ್ದರೆ ಬೆಳಕಿಗೆದುರಾಗಿ ತೆಗೆದ ಫೋಟೋ ಮಂಕಾಗುತ್ತದೆ. ಇಡೀ ಗಾಜಿನ ಮೇಲೆ ಮಂಜು ಕವಿದ ಹಾಗಿದ್ದರೆ ಅದು ಇನ್ನೂ ಜಾಸ್ತಿ ತೊಂದರೆ. ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣದ ಕಲೆ ಬಂದಿದ್ದರೆ, ಅಂಟಿಸಿದ ಎರಡು ಗಾಜು ಬಿಟ್ಟುಕೊಳ್ಳುತ್ತಿವೆ ಎಂದರ್ಥ. ಅದನ್ನು ರಿಪೇರಿ ಮಾಡಿಸಲು ಹೋಗಬೇಡಿ, ಲೆನ್ಸ್ ಬೆಲೆಗಿಂತ ಖರ್ಚೇ ಹೆಚ್ಚಾಗುತ್ತದೆ.

ಆಮೇಲೆ ಅಪರ್ಚರ್ ರಿಂಗ್ ತಿರುಗಿಸಿ. ಎಸಳುಗಳ ಮೇಲೆ ಎಣ್ಣೆ ಮಿನುಗುತ್ತಿದೆಯಾ, ಅವು ನಿಧಾನಕ್ಕೆ ಅಳ್ಳಾಡುತ್ತಿವೆಯಾ ನೋಡಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಮಾತ್ರ ದಯವಿಟ್ಟು ಹೊಡೆಯಬೇಡಿ. ಎಣ್ಣೆಯೇ ಅಲ್ಲಿನ ಕಾಯಿಲೆ, ಅದಕ್ಕೆ ಇನ್ನಷ್ಟು ಎಣ್ಣೆ ಸುರಿದ ಹಾಗಾಗುತ್ತದೆ.

ಗಾಜು ಟೀ ಬಣ್ಣಕ್ಕೆ ತಿರುಗಿದ್ದರೆ? ಪೆಂಟಾಕ್ಸ್ ಕಂಪನಿಯ ಸೂಪರ್ ಟಕುಮಾರ್ 50 ಮಿಮೀ ಎಫ್/1.4 ಥರದ ಕೆಲವು ಲೆನ್ಸ್‌ಗಳ ಗಾಜಿನಲ್ಲಿ ಥೋರಿಯಂ ಬೆರೆಸಿದ್ದರು, ಅದು ವರ್ಷ ಕಳೆದಂತೆ ಹಳದಿಯಾಗುತ್ತದೆ. ಅತಿನೇರಳೆ ಬೆಳಕು ಬೀರುವ ಸಣ್ಣ ಎಲ್‌ಇಡಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಬಣ್ಣ ಬಹುಪಾಲು ಇಳಿಯುತ್ತದೆ. ಬಿಸಿಲಿಗೂ ಇಳಿಯುತ್ತದೆ, ಆದರೆ ಬಿಸಿಲಲ್ಲಿಟ್ಟ ಲೆನ್ಸ್ ಭೂತಗನ್ನಡಿಯ ಕೆಲಸವನ್ನೂ ಮಾಡುತ್ತದೆ. ಕಿಟಕಿ ಪರದೆ ಸುಟ್ಟುಕೊಂಡೀರಿ.

2. ಮೌಂಟ್ ಯಾವುದೆಂದು ಗುರುತಿಸಿ

ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾವನ್ನು ಹಿಡಿದುಕೊಳ್ಳುವ ಲೋಹದ ಬಾಯಿ. ಲೆನ್ಸಿನ ಹಿಂಬದಿ ನೋಡಿ. ಬಾಟಲಿ ಮುಚ್ಚಳದ ಹಾಗೆ ಮರೆ (ತಿರುಗಿಸಿ ಕೂರಿಸುವ ಸುತ್ತುಗೆರೆ) ಇದ್ದರೆ ಅದು ಹೆಚ್ಚಾಗಿ ಎಂ42. ಜೆನಿಟ್, ಹಳೇ ಪ್ರಾಕ್ಟಿಕಾ, ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಎಲ್ಲದಕ್ಕೂ ಇದೇ. ಮರೆಯ ಬದಲು ಮೂರು ರೆಕ್ಕೆಗಳಿದ್ದರೆ ಬಯೋನೆಟ್ ಮೌಂಟ್. ಕಂಪನಿಗೊಂದು ಬಯೋನೆಟ್: ನಿಕಾನ್‌ದು ಎಫ್ ಮೌಂಟ್ (1959ರಿಂದ), ಕೆನಾನ್‌ದು ಎಫ್‌ಡಿ (1971ರಿಂದ), ಪೆಂಟಾಕ್ಸ್‌ದು ಕೆ ಮೌಂಟ್ (1975ರಿಂದ), ಹಾಗೇ ಮಿನೋಲ್ಟಾ, ಒಲಿಂಪಸ್ ಓಎಂ, ಯಾಶಿಕಾ. ನಮ್ಮಲ್ಲಿ ಫೋಟೋಗ್ರಫಿ ಕಲಿತ ಎಷ್ಟೋ ಜನರ ಕೈಯಲ್ಲಿ ಮೊದಲು ಇದ್ದದ್ದು ಪೆಂಟಾಕ್ಸ್ ಕೆ1000 ಅಥವಾ ನಿಕಾನ್ ಎಫ್‌ಎಂ10. ಅವುಗಳ ಲೆನ್ಸ್ ಆದರೆ ಮೌಂಟ್ ಯಾವುದೆಂದು ಹುಡುಕುವ ಕೆಲಸವೇ ಇಲ್ಲ.

ಮರೆ ಇರುವ ಲೆನ್ಸ್‌ಗಳಲ್ಲಿ ಜನ ಎರಡು ಕಡೆ ಎಡವುತ್ತಾರೆ.

ಒಂದು, ಟಿ2 ಮೌಂಟ್. ಇದೂ 42 ಮಿಮೀ ಅಗಲವೇ. ಆದರೆ ಎಂ42 ಮರೆಯ ಒಂದು ಸುತ್ತಿಗೆ 1 ಮಿಮೀ, ಟಿ2ರಲ್ಲಿ 0.75 ಮಿಮೀ. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಅರ್ಧ ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲೇ ನಿಲ್ಲಿಸಿ, ಬಲ ಹಾಕಿದರೆ ಎರಡರ ಮರೆಯೂ ಸವೆದುಹೋಗುತ್ತದೆ.

ಇನ್ನೊಂದು, 39 ಮಿಮೀ ಮರೆ. ಫೆಡ್, ಜೋರ್ಕಿ ಕ್ಯಾಮೆರಾಗಳ ಲೆನ್ಸ್‌ಗೂ 39, ತೀರಾ ಹಳೇ ಜೆನಿಟ್ ಲೆನ್ಸ್‌ಗೂ 39. ಆದರೆ ಮೊದಲನೆಯದಕ್ಕೆ ಚಿತ್ರ ಹಿಡಿಯುವ ಸೆನ್ಸರ್‌ನಿಂದ 28.8 ಮಿಮೀ ದೂರ ಸಾಕು, ಎರಡನೆಯದಕ್ಕೆ 45 ದಾಟಿ ಬೇಕು. ಮರೆ ಸರಿಯಾಗಿ ಕೂತ ಮಾತ್ರಕ್ಕೆ ಜೋಡಿ ಸರಿ ಎಂದಲ್ಲ. ಲೆನ್ಸ್ ಯಾವ ಕ್ಯಾಮೆರಾ ಜೊತೆ ಇತ್ತು ಎನ್ನುವುದನ್ನು ಮೊದಲು ತಿಳಿದುಕೊಳ್ಳಿ.

3. ಆ ಕಳೆಯುವ ಲೆಕ್ಕ

ಇಡೀ ವಿಷಯ ನಿಂತಿರುವುದು ಇದರ ಮೇಲೆ, ಸ್ವಲ್ಪ ನಿಧಾನಕ್ಕೆ ಓದಿ. ಪ್ರತಿ ಕ್ಯಾಮೆರಾದಲ್ಲೂ ಮೌಂಟಿನಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ನಿಗದಿಯಾದ ಒಂದು ದೂರ ಇರುತ್ತದೆ. ಇದಕ್ಕೆ ಫ್ಲೇಂಜ್ ದೂರ ಎನ್ನುತ್ತಾರೆ. ಆ ಕ್ಯಾಮೆರಾಗೆ ಮಾಡಿದ ಲೆನ್ಸ್ ಅಷ್ಟೇ ದೂರದಲ್ಲಿ ಕೂತರೆ ಮಾತ್ರ ಇನ್ಫಿನಿಟಿ ಫೋಕಸ್ ಸಿಗುತ್ತದೆ. ಇನ್ಫಿನಿಟಿ ಅಂದರೆ ಚಂದ್ರ, ಬೆಟ್ಟ, ದೂರದ ಮೊಬೈಲ್ ಟವರ್ ಇಂಥವು ಚೊಕ್ಕವಾಗಿ ಕಾಣುವ ಸ್ಥಿತಿ.

ಹಳೇ ಲೆನ್ಸ್‌ಗಳ ಸಂಖ್ಯೆಗಳು:
ನಿಕಾನ್ ಎಫ್ 46.5 ಮಿಮೀ
ಒಲಿಂಪಸ್ ಓಎಂ 46
ಯಾಶಿಕಾ/ಕಾಂಟ್ಯಾಕ್ಸ್ 45.5
ಎಂ42 ಮತ್ತು ಪೆಂಟಾಕ್ಸ್ ಕೆ 45.46
ಮಿನೋಲ್ಟಾ 43.5
ಕೆನಾನ್ ಎಫ್‌ಡಿ 42

ಈಗಿನ ಕ್ಯಾಮೆರಾಗಳು:
ನಿಕಾನ್ ಎಫ್ ಡಿಎಸ್‌ಎಲ್‌ಆರ್ 46.5
ಕೆನಾನ್ ಇಎಫ್ ಡಿಎಸ್‌ಎಲ್‌ಆರ್ 44
ಕೆನಾನ್ ಆರ್‌ಎಫ್ 20
ಮೈಕ್ರೋ ಫೋರ್ ಥರ್ಡ್ಸ್ (ಒಲಿಂಪಸ್, ಪ್ಯಾನಸೋನಿಕ್) 19.25
ಸೋನಿ ಇ 18
ಫ್ಯೂಜಿ ಎಕ್ಸ್ 17.7
ನಿಕಾನ್ ಜೆಡ್ 16

ಲೆನ್ಸಿನ ಸಂಖ್ಯೆಯಿಂದ ಕ್ಯಾಮೆರಾದ ಸಂಖ್ಯೆ ಕಳೆಯಿರಿ. ಉಳಿದದ್ದೇ ಅಡಾಪ್ಟರ್‌ನ ದಪ್ಪ. ಎಂ42 ಲೆನ್ಸ್ ಸೋನಿಗೆ ಬೇಕಾದರೆ 45.46ರಲ್ಲಿ 18 ಹೋಗಿ 27.46 ಮಿಮೀ. ಒಳಗೆ ಏನೂ ಇಲ್ಲದ ಬರೀ ಒಂದು ಕೊಳವೆ ಸಾಕು. ಮಿರರ್‌ಲೆಸ್ ಕ್ಯಾಮೆರಾಗೆ ಈ ಪಟ್ಟಿಯ ಎಲ್ಲಾ ಹಳೇ ಲೆನ್ಸೂ ಕೂರುವುದು ಇದರಿಂದಲೇ. ಒಳಗೆ ಕನ್ನಡಿ ಇಲ್ಲ, ಹಾಗಾಗಿ ಮೌಂಟ್ ಸೆನ್ಸರ್‌ಗೆ ತೀರಾ ಹತ್ತಿರ, ಕೊಳವೆ ಹಾಕಲು ಬೇಕಾದಷ್ಟು ಜಾಗ.

ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗೆ ಬಂದಾಗ ಕಥೆ ಬೇರೆ. ಕೆನಾನ್ ಇಎಫ್‌ಗೆ ಎಂ42 ಹಾಕಲು ಉಳಿಯುವುದು 1.46 ಮಿಮೀ, ತೆಳ್ಳಗೆ ಒಂದು ಬಳೆಯಷ್ಟು, ಆದರೂ ಆಗುತ್ತದೆ. ನಿಕಾನ್, ಪೆಂಟಾಕ್ಸ್, ಓಎಂ ಲೆನ್ಸ್‌ಗಳೂ ಆಗುತ್ತವೆ. ಕೆನಾನ್‌ದೇ ಹಳೇ ಎಫ್‌ಡಿ ಲೆನ್ಸ್ ಆಗುವುದಿಲ್ಲ! 42ರಲ್ಲಿ 44 ಹೋಗುವುದಿಲ್ಲವಲ್ಲ. ಮಿನೋಲ್ಟಾ ಕೇವಲ ಅರ್ಧ ಮಿಮೀಗೆ ತಪ್ಪಿಹೋಗುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕೆನಾನ್ ಡಿಎಸ್‌ಎಲ್‌ಆರ್ ಇದ್ದವರಿಗೆ ಇನ್ನೊಂದು ಮಾತು: ಕೆಲವು ಹಳೇ ಲೆನ್ಸ್‌ಗಳ ಹಿಂದಿನ ಗಾಜು ಹೊರಗೆ ಚಾಚಿಕೊಂಡಿದ್ದು, ಕನ್ನಡಿ ಮೇಲೇಳುವಾಗ ಅದಕ್ಕೆ ತಾಗುತ್ತದೆ. ಮೊದಲ ಸಲ ಲೈವ್ ವ್ಯೂನಲ್ಲಿಟ್ಟು (ಕ್ಯಾಮೆರಾ ಪರದೆಯಲ್ಲಿ ನೋಡುವ ವಿಧಾನ), ಹತ್ತಿರದಿಂದ ಇನ್ಫಿನಿಟಿ ಕಡೆಗೆ ನಿಧಾನಕ್ಕೆ ತಿರುಗಿಸಿ.

ನಿಕಾನ್ ಡಿಎಸ್‌ಎಲ್‌ಆರ್ ಇದ್ದವರು ಎಂ42 ಆಸೆ ಬಿಡುವುದು ಒಳ್ಳೆಯದು. 46.5 ಎದುರು 45.46, ಅಂದರೆ 1.04 ಮಿಮೀ ಕಮ್ಮಿ. ಒಂದು ಮಿಲಿಮೀಟರಲ್ಲಿ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಫೋಕಲ್ ಲೆಂತನ್ನು (ಲೆನ್ಸ್ ಮೇಲೆ 50, 58 ಎಂದು ಬರೆದಿರುವ ಮಿಮೀ ಸಂಖ್ಯೆ) ಅದರಿಂದಲೇ ಗುಣಿಸಿ, ಬಂದದ್ದನ್ನು ಈ ವ್ಯತ್ಯಾಸದಿಂದ ಭಾಗಿಸಿ. 58 ಮಿಮೀ ಹೀಲಿಯೋಸ್ ಎಂಬ ಸೋವಿಯತ್ ಎಂ42 ಲೆನ್ಸ್‌ಗೆ 58 ಗುಣಿಸು 58, ಭಾಗಿಸು 1.04, ಸುಮಾರು 3,200 ಮಿಮೀ. ಅಂದರೆ ಮೂರು ಮೀಟರ್ ಚಿಲ್ಲರೆ ಆಚೆ ಇರುವ ಯಾವುದೂ ಫೋಕಸ್ ಆಗುವುದಿಲ್ಲ. ಕೋಣೆಯೊಳಗೆ ಮುಖದ ಫೋಟೋ ಸರಿ, ಅಂಗಳಕ್ಕೆ ಬಂದರೆ ಮುಗಿಯಿತು. ಇದನ್ನು ಸರಿಮಾಡಲು ಒಳಗೆ ಗಾಜಿರುವ ಅಡಾಪ್ಟರ್ ಮಾರುತ್ತಾರೆ. ಅಗ್ಗದವುಗಳಲ್ಲಿ ಆ ಗಾಜು ಲೆನ್ಸಿನ ಗುಣವನ್ನೇ ತಿಂದುಹಾಕುತ್ತದೆ. ಒಳ್ಳೇ ಹಳೇ ಲೆನ್ಸ್‌ನ ಹಿಂದೆ ಪ್ಲಾಸ್ಟಿಕ್ ಬಾಟಲಿಯ ತಳ ಇಟ್ಟು ಫೋಟೋ ತೆಗೆದ ಹಾಗೆ.

ನಿಕಾನ್‌ನವರಿಗೆ ನಿಕಾನ್‌ನ ಹಳೇ ಲೆನ್ಸೇ ಸರಿ, ಅಡಾಪ್ಟರ್ ಕೂಡ ಬೇಡ. ಆದರೆ 1977ಕ್ಕೆ ಮುಂಚಿನವು, ಅಂದರೆ ಎಐ (ಅಪರ್ಚರ್ ಎಷ್ಟಿದೆಯೆಂದು ಲೆನ್ಸ್ ಕ್ಯಾಮೆರಾಗೆ ತಿಳಿಸುವ ನಿಕಾನ್‌ನ) ಪದ್ಧತಿಗೂ ಹಿಂದಿನವು, ಕೆಲವು ಕ್ಯಾಮೆರಾಗಳ ಮೌಂಟ್ ಪಕ್ಕದ ಚಿಕ್ಕ ನಾಲಿಗೆಯನ್ನು ಮುರಿಯಬಲ್ಲವು. ಗುರುತಿಸುವುದು ಸುಲಭ: ಅಪರ್ಚರ್ ರಿಂಗಿನ ಮೇಲೆ ಅಂಕಿಗಳು ಎರಡು ಸಾಲು ಇದ್ದರೆ, ಎರಡನೆಯದು ಪುಟ್ಟ ಅಕ್ಷರದಲ್ಲಿದ್ದರೆ, ಅದು ಎಐ ಅಥವಾ ಆಮೇಲಿನದು. ಒಂದೇ ಸಾಲಾದರೆ ಡಿ7000, ಡಿ750 ಥರದವಕ್ಕೆ ಹಾಕಲೇಬೇಡಿ. ಡಿ3000, ಡಿ5000 ಸರಣಿಯಲ್ಲಿ ಆ ನಾಲಿಗೆಯೇ ಇಲ್ಲ, ಹಾಗಾಗಿ ಕೂರುತ್ತದೆ, ಆದರೆ ಬೆಳಕಿನ ಮೀಟರ್ ಕೆಲಸ ಮಾಡುವುದಿಲ್ಲ. ಎಕ್ಸ್‌ಪೋಶರ್ ನೀವೇ ಅಂದಾಜು ಮಾಡಬೇಕು.

4. ಅಡಾಪ್ಟರ್ ಕೊಳ್ಳುವಾಗ

ದುಬಾರಿಯದ್ದೇ ಬೇಕೆಂದಿಲ್ಲ. ಆದರೆ ತೀರಾ ಅಗ್ಗದವುಗಳಲ್ಲಿ ಮೂರು ದೋಷ ಮತ್ತೆ ಮತ್ತೆ ಸಿಗುತ್ತವೆ: ದಪ್ಪ ತಪ್ಪಿರುವುದು, ಲೆನ್ಸ್ ಲೊಡಲೊಡ ಅನ್ನುವುದು, ಒಳಗೋಡೆ ಹೊಳೆಯುವುದು.

ದಪ್ಪದ ವಿಷಯಕ್ಕೆ ಅದೇ ಲೆಕ್ಕ ಹಾಕಿ. ಅಡಾಪ್ಟರ್ 0.1 ಮಿಮೀ ದಪ್ಪ ಜಾಸ್ತಿಯಾದರೆ 50 ಮಿಮೀ ಲೆನ್ಸ್ 25 ಮೀಟರ್‌ಗೆ ನಿಂತುಬಿಡುತ್ತದೆ, 24 ಮಿಮೀ ಲೆನ್ಸ್ ಆರು ಮೀಟರ್ ಕೂಡ ದಾಟುವುದಿಲ್ಲ. ಅದಕ್ಕೇ ತಯಾರಕರು ಸಾಮಾನ್ಯವಾಗಿ ಒಂದು ಕೂದಲೆಳೆ ತೆಳ್ಳಗೇ ಮಾಡುತ್ತಾರೆ. ತೆಳ್ಳಗಿದ್ದರೆ ಇನ್ಫಿನಿಟಿ ಸಿಗುತ್ತದೆ, ಆದರೆ ಲೆನ್ಸ್ ಮೇಲಿನ ದೂರದ ಅಂಕಿಗಳು ಸುಳ್ಳು ಹೇಳುತ್ತವೆ. ನಾನು ತರಿಸಿದ ಒಂದು ಅಡಾಪ್ಟರ್‌ನಲ್ಲಿ 28 ಮಿಮೀ ಲೆನ್ಸ್ 4 ಮೀಟರ್ ತೋರಿಸುವಾಗಲೇ ಬೆಟ್ಟ ಚೊಕ್ಕವಾಗಿ ಕಾಣುತ್ತಿತ್ತು. ಲೆಕ್ಕ ಹಾಕಿದರೆ 0.2 ಮಿಮೀ ತೆಳು. ಫೋಟೋಗೆ ತೊಂದರೆಯಿಲ್ಲ. ಇನ್ಫಿನಿಟಿ ಗುರುತಿಗೆ ಒತ್ತಿ ತಿರುಗಿಸಿ ನಕ್ಷತ್ರ ತೆಗೆಯುವವರು ಮಾತ್ರ ಮೋಸಹೋಗುತ್ತಾರೆ.

ಒಳಗೋಡೆ ಹೊಳೆಯುತ್ತಿದ್ದರೆ ಬೆಳಕು ಅದಕ್ಕೆ ಬಡಿದು ಸೆನ್ಸರ್ ಮೇಲೆ ಚೆಲ್ಲುತ್ತದೆ, ಫೋಟೋ ಪೇಲವವಾಗುತ್ತದೆ, ಬೈಗುಳ ಮಾತ್ರ ಲೆನ್ಸ್‌ಗೆ. ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಹಾಕಿ.

ಎಂ42 ಕೊಳ್ಳುವವರು ಇನ್ನೊಂದನ್ನು ಕೇಳಿ ತಿಳಿದುಕೊಳ್ಳಬೇಕು: ಒಳಗೆ ಪಿನ್ ಒತ್ತುವ ಅಂಚು ಇದೆಯಾ, ಇಲ್ಲವಾ? ಆಟೋ ಅಪರ್ಚರ್ ಇರುವ ಎಂ42 ಲೆನ್ಸಿನ ಹಿಂದೆ ಒಂದು ಚಿಕ್ಕ ಪಿನ್ ಇರುತ್ತದೆ, ಅದು ಒತ್ತಿದಾಗ ಮಾತ್ರ ಎಸಳುಗಳು ಮುಚ್ಚುತ್ತವೆ. ಲೆನ್ಸ್ ಮೇಲೆ ಆಟೋ, ಮ್ಯಾನುಯಲ್ ಎಂದು ಬದಲಿಸುವ ಗುಂಡಿ ಇದ್ದರೆ ಯಾವ ಅಡಾಪ್ಟರ್ ಆದರೂ ಸರಿ. ಇಲ್ಲದಿದ್ದರೆ ಅಂಚು ಇರುವುದೇ ಬೇಕು, ಇಲ್ಲವಾದರೆ ಲೆನ್ಸ್ ಯಾವಾಗಲೂ ಪೂರ್ತಿ ತೆರೆದೇ ಇರುತ್ತದೆ. ಹೀಲಿಯೋಸ್ 44-2ಕ್ಕೆ ಈ ಪಿನ್ ಇಲ್ಲವೇ ಇಲ್ಲ, ಹಾಗಾಗಿ ಶುರು ಮಾಡುವವರಿಗೆ ನಾನು ಅದನ್ನೇ ಹೇಳುವುದು.

5. ಕೂರಿಸುವುದು

ಬ್ಲೋವರ್‌ನಿಂದ ಅಡಾಪ್ಟರ್ ಒಳಗೆ ಊದಿ. ಹೊಸ ಅಡಾಪ್ಟರ್‌ನಲ್ಲಿ ಕೊರೆದ ಲೋಹದ ಪುಡಿ ಇರುತ್ತದೆ, ಅದು ಸೆನ್ಸರ್ ಮೇಲೆ ಬಿದ್ದರೆ ಕಷ್ಟ. ಮೊದಲು ಅಡಾಪ್ಟರನ್ನು ಲೆನ್ಸ್‌ಗೆ ಹಾಕಿ, ಆಮೇಲೆ ಎರಡನ್ನೂ ಸೇರಿಸಿ ಕ್ಯಾಮೆರಾಗೆ.

ಎಫ್‌ಡಿ ಲೆನ್ಸ್ ಆದರೆ ಅಪರ್ಚರ್ ರಿಂಗನ್ನು 'ಎ' ಗುರುತಿನಿಂದ ಮೊದಲೇ ತೆಗೆದಿಡಿ. ಅಡಾಪ್ಟರ್ ಮೇಲಿನ ಬಳೆಯನ್ನು 'ಓಪನ್' ಕಡೆ ಇಟ್ಟು ಲೆನ್ಸ್ ಹಾಕಿ, ಆಮೇಲೆ 'ಲಾಕ್' ಕಡೆ ತಿರುಗಿಸಿ. ಹೀಗೆ ಮಾಡದಿದ್ದರೆ ಅಪರ್ಚರ್ ರಿಂಗ್ ಸುಮ್ನೆ ತಿರುಗುತ್ತದೆ, ಎಸಳುಗಳು ಅಳ್ಳಾಡುವುದಿಲ್ಲ.

ಎಂ42 ಹಾಕಿದ ಮೇಲೆ ಲೆನ್ಸಿನ ಅಂಕಿಗಳು ಮೇಲೆ ಬರುವ ಬದಲು ಪಕ್ಕಕ್ಕೋ ಕೆಳಗೋ ಹೋಗಿವೆಯಾ? ಇದನ್ನು ಕಂಡು ಅಡಾಪ್ಟರ್ ವಾಪಸ್ ಕಳಿಸಿದವರಿದ್ದಾರೆ. ಅದರ ಹೊರಮೈ ನೋಡಿ, ಸುತ್ತಲೂ ಮೂರು ಪುಟ್ಟ ಸ್ಕ್ರೂ ಇರುತ್ತವೆ, ಸಾಸಿವೆ ಕಾಳಿನಷ್ಟು. ಕನ್ನಡಕ ರಿಪೇರಿಯ ಸ್ಕ್ರೂಡ್ರೈವರಲ್ಲಿ ಮೂರನ್ನೂ ಅರ್ಧ ಸುತ್ತು ಸಡಿಲಿಸಿ. ಒಳಗಿನ ಮರೆಯ ಬಳೆ ಈಗ ತಿರುಗುತ್ತದೆ. ಲೆನ್ಸನ್ನು ಬಿಗಿಯಾಗಿ ಹಾಕಿದ ಸ್ಥಿತಿಯಲ್ಲೇ, ಅಂಕಿ ಮೇಲೆ ಬರುವ ತನಕ ತಿರುಗಿಸಿ ಮತ್ತೆ ಬಿಗಿಮಾಡಿ. ಪೂರ್ತಿ ಬಿಚ್ಚಬೇಡಿ, ನೆಲಕ್ಕೆ ಬಿದ್ದ ಆ ಸ್ಕ್ರೂ ಮತ್ತೆ ಸಿಗುವುದಿಲ್ಲ.

ಮರೆ ಕಚ್ಚಿಕೊಂಡು ಬಿಚ್ಚಲು ಬಾರದಿದ್ದರೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ತಿರುಗಿಸಿ. ಇಕ್ಕಳ ಬೇಡ.

6. ಕ್ಯಾಮೆರಾಗೆ ಹೇಳುವುದು

ಅಡಾಪ್ಟರ್‌ನಲ್ಲಿ ವಿದ್ಯುತ್ ಸಂಪರ್ಕ ಇರುವುದಿಲ್ಲ, ಹಾಗಾಗಿ ಕ್ಯಾಮೆರಾಗೆ ಲೆನ್ಸ್ ಇರುವುದೇ ಗೊತ್ತಾಗುವುದಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಶಟರ್ ಒತ್ತಿದರೆ ಅಲುಗದು. ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್' ಅಥವಾ 'ಶೂಟ್ ವಿತೌಟ್ ಲೆನ್ಸ್' ಎಂದಿರುವುದನ್ನು ಹುಡುಕಿ ಆನ್ ಮಾಡಿ. "ಅಡಾಪ್ಟರ್ ಕೆಟ್ಟಿದೆ" ಎಂದು ಬರುವ ದೂರುಗಳಲ್ಲಿ ಅರ್ಧದಷ್ಟು ಇಲ್ಲಿಗೇ ಮುಗಿಯುತ್ತವೆ.

ಮೋಡ್ 'ಎ' ಇಡಿ, ಕೆನಾನ್ ಆದರೆ 'ಎವಿ'. ಅಪರ್ಚರ್ ನೀವು ಲೆನ್ಸ್ ಮೇಲೆ ತಿರುಗಿಸುತ್ತೀರಿ, ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಪರದೆಯಲ್ಲಿ ಎಫ್ ಪಕ್ಕ ಸೊನ್ನೆಯೋ ಗೆರೆಯೋ ಬರುತ್ತದೆ, ಗಾಬರಿಯಾಗಬೇಡಿ.

ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ ಫೋಕಲ್ ಲೆಂತ್ ನೀವೇ ತುಂಬಬೇಕು. ಇಲ್ಲಿ ಲೆನ್ಸ್ ಮೇಲೆ ಬರೆದದ್ದನ್ನೇ ಹಾಕಿ. 58 ಅಂದರೆ 58. ಸೆನ್ಸರ್ ಚಿಕ್ಕದು ಎಂದು 87 ಅಂತ ಗುಣಿಸಿ ಹಾಕಿದರೆ, ಕ್ಯಾಮೆರಾ ಅಗತ್ಯಕ್ಕಿಂತ ಜಾಸ್ತಿ ಅಲುಗಿಸಿ ಫೋಟೋವನ್ನೇ ಮಸುಕು ಮಾಡುತ್ತದೆ.

7. ಫೋಕಸ್

ಫೋಕಸ್ ಪೀಕಿಂಗ್ ಎಂಬ ಸೌಲಭ್ಯ ಇದೆ. ಚೊಕ್ಕವಾಗಿರುವ ಅಂಚುಗಳ ಮೇಲೆ ಕೆಂಪೋ ಹಳದಿಯೋ ಗೆರೆ ತೋರಿಸುತ್ತದೆ. ಎಫ್/5.6ರಲ್ಲಿ ನಂಬಬಹುದು. ಎಫ್/2ರಲ್ಲಿ ಮುಖ ತೆಗೆಯುವಾಗ ಮೂಗಿಗೂ ಕಣ್ಣಿಗೂ ಕಿವಿಗೂ ಒಟ್ಟಿಗೇ ಕೆಂಪು ಬಳಿಯುತ್ತದೆ, ಮನೆಗೆ ಬಂದು ನೋಡಿದರೆ ಮೂಗು ಮಾತ್ರ ಚೊಕ್ಕ. ಪೀಕಿಂಗ್ ಹೆಚ್ಚುಕಮ್ಮಿ ಜಾಗ ತೋರಿಸಲಿ, ಕೊನೆಯ ಫೋಕಸ್ ಅನ್ನು ಹಿಗ್ಗಿಸಿ ನೋಡಿಯೇ ಮಾಡಿ. ಆ ಹಿಗ್ಗಿಸುವ ಕೆಲಸಕ್ಕೆ ಹೆಬ್ಬೆರಳಿನ ಹತ್ತಿರದ ಒಂದು ಗುಂಡಿ ಮೀಸಲಿಡಿ.

ಯಾವ ಅಪರ್ಚರ್‌ನಲ್ಲಿ ಫೋಟೋ ತೆಗೆಯುತ್ತೀರೋ ಅದರಲ್ಲೇ ಫೋಕಸ್ ಮಾಡಿ. ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಎಫ್/4ಕ್ಕೆ ಮುಚ್ಚಿದರೆ, ಕೆಲವು ಹಳೇ ಲೆನ್ಸ್‌ಗಳಲ್ಲಿ ಫೋಕಸ್ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ.

ಹೀಲಿಯೋಸ್ 44-2ರಲ್ಲಿ ಎರಡು ಅಪರ್ಚರ್ ರಿಂಗ್ ಕಂಡು ಗೊಂದಲವಾಗುವುದು ಸಹಜ. ಟಕ್ ಟಕ್ ಅನ್ನುವ ರಿಂಗ್ ಎಲ್ಲಿಯವರೆಗೆ ಮುಚ್ಚಬಹುದು ಎಂಬ ಮಿತಿ ಹಾಕುತ್ತದೆ, ನುಣ್ಣಗೆ ತಿರುಗುವ ರಿಂಗ್ ನಿಜವಾಗಿ ಮುಚ್ಚುತ್ತದೆ. ಮೊದಲನೆಯದನ್ನು 16ಕ್ಕೆ ಇಟ್ಟುಬಿಟ್ಟರೆ ಎರಡನೆಯದು ಸದ್ದಿಲ್ಲದ ಅಪರ್ಚರ್ ಆಗುತ್ತದೆ, ವಿಡಿಯೋ ಮಾಡುವವರಿಗೆ ಹಬ್ಬ.

8. ಹೋಲಿಸಿ ನೋಡುವುದು

"ಹೀಲಿಯೋಸ್ ಚೆನ್ನಾಗಿದೆಯಾ, ನಿಕಾನ್ 50 ಚೆನ್ನಾಗಿದೆಯಾ?" ಇದಕ್ಕೆ ಬೇರೆಯವರ ಫೋಟೋ ನೋಡಿ ತೀರ್ಮಾನಿಸಬೇಡಿ. ಹಳೇ ಲೆನ್ಸ್ ಒಂದೊಂದೂ ಐವತ್ತು ವರ್ಷ ಬೇರೆ ಬೇರೆ ಥರ ಬಾಳಿರುತ್ತದೆ. ನಿಮ್ಮ ಕೈಯಲ್ಲಿರುವುದನ್ನು ನೀವೇ ನೋಡಬೇಕು.

ಐದು ಹಾಳೆ ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಮಧ್ಯೆ ಒಂದು, ಫ್ರೇಮಿನ ನಾಲ್ಕು ಮೂಲೆಗೆ ನಾಲ್ಕು. ಕನ್ನಡ ಪತ್ರಿಕೆಯೇ ಇರಲಿ, ಸುಮ್ನೆ ಹೇಳುತ್ತಿಲ್ಲ. ವರ್ಗೀಕೃತ ಜಾಹೀರಾತಿನ ಸಣ್ಣಕ್ಷರಗಳಲ್ಲಿ ಒತ್ತಕ್ಷರಗಳ ಒಳಸುಳಿ ಇರುತ್ತದಲ್ಲ, 'ಕ್ಷ'ದ ಕೆಳಗಿನ ಗಂಟು, 'ಸ್ತ್ರೀ' ಅಕ್ಷರದ ಮೂರು ಅಂತಸ್ತು, ಅವು ಬಿಡಿಬಿಡಿಯಾಗಿ ಕಂಡರೆ ಲೆನ್ಸ್ ಚೂಪಾಗಿದೆ ಎಂದರ್ಥ. ದುಬಾರಿ ಟೆಸ್ಟ್ ಚಾರ್ಟ್ ಬೇಕಿಲ್ಲ.

ಕ್ಯಾಮೆರಾ ಗೋಡೆಗೆ ನೇರವಾಗಿರಬೇಕು. ಕಣ್ಣಳತೆ ಸಾಲದು. ಮಧ್ಯದ ಹಾಳೆಯ ಮೇಲೆ ಚಿಕ್ಕ ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸಿ, ಫೈಂಡರ್‌ನಲ್ಲಿ ನೋಡಿ. ನಿಮ್ಮ ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬರುವ ತನಕ ಟ್ರೈಪಾಡ್ ಸರಿಸಿ. ಆಮೇಲೆ ಕನ್ನಡಿ ತೆಗೆಯಿರಿ.

ಮೋಡ್ 'ಎಂ', ಐಎಸ್‌ಒ 100, ವೈಟ್ ಬ್ಯಾಲೆನ್ಸ್ ಒಂದೇ ಕಡೆ ನಿಗದಿ, ಅಲುಗಾಟ ತಡೆ ಆಫ್, ಎರಡು ಸೆಕೆಂಡ್ ಟೈಮರ್, ಫೈಲ್ ರಾ. 50 ಮಿಮೀ ಲೆನ್ಸ್‌ಗೆ 2.5 ಮೀಟರ್ ದೂರ ಇಟ್ಟರೆ, 58ಕ್ಕೆ 2.9 ಮೀಟರ್‌ಗೆ ಹಿಂದೆ ಸರಿಯಿರಿ. ಗೋಡೆ ಎರಡರಲ್ಲೂ ಅಷ್ಟೇ ದೊಡ್ಡದಾಗಿ ಕಾಣಬೇಕು. ಎಫ್/2, 2.8, 4, 5.6, 8 ಪ್ರತಿಯೊಂದಕ್ಕೂ ಮೂರು ಫೋಟೋ, ಪ್ರತಿ ಸಲ ಫೋಕಸ್ ಕೆಡಿಸಿ ಹೊಸದಾಗಿ ಮಾಡಿ. ಮೂರರಲ್ಲಿ ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ನೀವು ಅಳೆಯುವುದು ನಿಮ್ಮ ಫೋಕಸ್ ಮಾಡುವ ಕೈಯನ್ನು.

ಮೂಲೆಗಳು ಮಸುಕಾಗಿದ್ದರೆ ಲೆನ್ಸನ್ನು ಬೈಯುವ ಮುಂಚೆ, ಮೂಲೆಯಲ್ಲೇ ಫೋಕಸ್ ಮಾಡಿ ಇನ್ನೊಂದು ತೆಗೆಯಿರಿ. ಈಗ ಮೂಲೆ ಚೊಕ್ಕವಾಗಿ ಮಧ್ಯ ಮಸುಕಾದರೆ, ಆ ಲೆನ್ಸಿನ ಫೋಕಸ್ ಬೀಳುವ ತಲ ಬಟ್ಟಲಿನ ಹಾಗೆ ಬಾಗಿದೆ, ಅಷ್ಟೇ. ಗೋಡೆಗೆ ಅದು ದೋಷ, ಮನುಷ್ಯರ ಫೋಟೋಗೆ ಏನೂ ಅಲ್ಲ. ನಾಲ್ಕರಲ್ಲಿ ಒಂದೇ ಮೂಲೆ ಕೆಟ್ಟಿದ್ದರೆ ಅದೇ ಅಡಾಪ್ಟರ್‌ಗೆ ಬೇರೆ ಲೆನ್ಸ್ ಹಾಕಿ ನೋಡಿ. ಅದೇ ಮೂಲೆ ಮತ್ತೆ ಕೆಟ್ಟರೆ ಅಡಾಪ್ಟರ್ ಓರೆಯಾಗಿದೆ. ಕೆಡದಿದ್ದರೆ ಲೆನ್ಸಿನೊಳಗೆ ಯಾವುದೋ ಗಾಜು ಜಾಗ ಬಿಟ್ಟಿದೆ, ಯಾರೋ ಬಿಚ್ಚಿ ಜೋಡಿಸಿರಬಹುದು.

ಈಗ ಜನ ತುಂಬಾ ಜಗಳವಾಡುವ ವಿಷಯ. ಒಂದೇ ಲೆನ್ಸನ್ನು ಬೇರೆ ಬೇರೆ ಕ್ಯಾಮೆರಾಗಳಲ್ಲಿ ಹೋಲಿಸುವುದು.

ಫುಲ್ ಫ್ರೇಮ್ ಸೆನ್ಸರ್ 36 ಗುಣಿಸು 24 ಮಿಮೀ. ಮೈಕ್ರೋ ಫೋರ್ ಥರ್ಡ್ಸ್ 17.3 ಗುಣಿಸು 13, ಅಂದರೆ ಸುಮಾರು ಕಾಲು ಭಾಗ. ಚಿಕ್ಕ ಸೆನ್ಸರ್ ಲೆನ್ಸಿನ ಮಧ್ಯದ ತಿರುಳನ್ನಷ್ಟೇ ನೋಡುತ್ತದೆ. "ನನ್ನದರಲ್ಲಿ ಮೂಲೆ ತನಕ ಒಂದೇ ಸಮ" ಎಂದು ಚಿಕ್ಕ ಸೆನ್ಸರಿನವರು ಹೇಳುವುದು ನಿಜವೇ, ಅವರು ನೋಡುತ್ತಿರುವುದು ಲೆನ್ಸಿನ ಮೂಲೆಯೇ ಅಲ್ಲ. ಅದೇ ಹೊತ್ತಿಗೆ 20 ಮೆಗಾಪಿಕ್ಸೆಲ್‌ಗಳನ್ನು ಅಷ್ಟು ಚಿಕ್ಕ ಜಾಗದಲ್ಲಿ ತುಂಬಿರುವುದರಿಂದ, ಪೂರ್ತಿ ಹಿಗ್ಗಿಸಿ ನೋಡಿದರೆ ಅದೇ ಲೆನ್ಸ್ ಅಲ್ಲಿ ಮೆದುವಾಗಿ ಕಾಣುತ್ತದೆ. ಕೆಟ್ಟದ್ದೇನೂ ಆಗಿಲ್ಲ, ನೀವು ಜಾಸ್ತಿ ಹತ್ತಿರದಿಂದ ನೋಡುತ್ತಿದ್ದೀರಿ. ಹಾಗಾಗಿ ಎರಡು ಫೋಟೋಗಳನ್ನೂ ಒಂದೇ ಅಳತೆಗೆ, ಉದಾಹರಣೆಗೆ ಅಗಲ 4,000 ಪಿಕ್ಸೆಲ್‌ಗೆ ಇಳಿಸಿ, ಆಮೇಲೆ ಪಕ್ಕಪಕ್ಕ ಇಡಿ.

ನೋಟದ ಅಗಲವೂ ಬದಲಾಗುತ್ತದೆ. 58 ಮಿಮೀ ಹೀಲಿಯೋಸ್, ಸೋನಿ, ಫ್ಯೂಜಿ, ನಿಕಾನ್‌ಗಳ ಎಪಿಎಸ್-ಸಿ ಎಂಬ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ನಲ್ಲಿ 87 ಮಿಮೀ ಹಾಗೆ ಕಾಣುತ್ತದೆ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 116ರ ಹಾಗೆ. "ಎಫ್/2 ಎಫ್/4 ಆಗಿಬಿಡುತ್ತಾ?" ಬೆಳಕಿನ ಲೆಕ್ಕಕ್ಕೆ ಎಫ್/2 ಹಾಗೇ ಇರುತ್ತದೆ, ಶಟರ್ ವೇಗ ಬದಲಾಗುವುದಿಲ್ಲ. ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎನ್ನುವುದು ಮಾತ್ರ ಫುಲ್ ಫ್ರೇಮ್‌ನ 116 ಮಿಮೀ ಎಫ್/4ಕ್ಕೆ ಸಮ.

ಹೀಲಿಯೋಸ್ ಕೊಂಡು ನಿರಾಶರಾಗುವವರೂ ಇದೇ ಕಾರಣಕ್ಕೆ. ಎರಡನೇ ಮಹಾಯುದ್ಧಕ್ಕೂ ಹಿಂದಿನ, ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನು ಸೋವಿಯತ್ ಕಾರ್ಖಾನೆಗಳು ಹೀಲಿಯೋಸ್ ಎಂದು ಲಕ್ಷಗಟ್ಟಲೆ ಮಾಡಿದವು. ಇವತ್ತು ಅದಕ್ಕೆ ಹೆಸರಿರುವುದು ಹಿನ್ನೆಲೆಯ ಎಲೆಗಳು ಸುಳಿಯಂತೆ ತಿರುಗಿ ಕಾಣುವುದಕ್ಕೆ. ಆ ಸುಳಿ ಹುಟ್ಟುವುದು ಚಿತ್ರದ ಅಂಚಿನಲ್ಲಿ. ಅಂಚನ್ನೇ ಕತ್ತರಿಸುವ ಚಿಕ್ಕ ಸೆನ್ಸರ್‌ನಲ್ಲಿ ಸುಳಿ ಎಲ್ಲಿಂದ ಬರಬೇಕು? ಫುಲ್ ಫ್ರೇಮ್ ಇದ್ದರೂ ಸುಮ್ಮನೆ ಬರುವುದಿಲ್ಲ. ಅಪರ್ಚರ್ ಎಫ್/2ರಲ್ಲೇ ಇರಲಿ, ವ್ಯಕ್ತಿಯನ್ನು ಒಂದೂವರೆ ಎರಡು ಮೀಟರ್‌ನಲ್ಲಿ ನಿಲ್ಲಿಸಿ, ಅವರ ಹಿಂದೆ ಐದಾರು ಮೀಟರ್ ಆಚೆ ಎಲೆಗಳ ಸಂದಿಯಿಂದ ಬಿಸಿಲು ತೂರುವ ಮರ ಇರಲಿ. ಹುಣಸೆ ಮರ ಇದಕ್ಕೆ ಹೇಳಿ ಮಾಡಿಸಿದ್ದು, ಸಣ್ಣ ಎಲೆ, ನೂರಾರು ಬೆಳಕಿನ ಚುಕ್ಕೆ. ಖಾಲಿ ಗೋಡೆಯ ಮುಂದೆ ನಿಲ್ಲಿಸಿ "ಸುಳಿ ಎಲ್ಲಿ?" ಎಂದು ಕೇಳಬೇಡಿ.

ಎಪಿಎಸ್-ಸಿ ಇದ್ದವರಿಗೆ ಒಂದು ದಾರಿ ಇದೆ, ಫೋಕಲ್ ರೆಡ್ಯೂಸರ್. ಒಳಗೆ ಗಾಜಿರುವ ಈ ಅಡಾಪ್ಟರ್ ಲೆನ್ಸಿನ ಚಿತ್ರವನ್ನು 0.71 ಪಟ್ಟು ಕುಗ್ಗಿಸಿ ಚಿಕ್ಕ ಸೆನ್ಸರ್ ಮೇಲೆ ಬೀಳಿಸುತ್ತದೆ. ಅಂಚು, ಸುಳಿ ಎರಡೂ ಬಹುಪಾಲು ವಾಪಸ್ ಬರುತ್ತವೆ, ಬೆಳಕೂ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಹೆಚ್ಚುತ್ತದೆ. ಅಗ್ಗದವುಗಳ ಗಾಜಿನ ಬಗ್ಗೆ ಮೇಲೆ ಹೇಳಿದ ಎಚ್ಚರಿಕೆ ಇದಕ್ಕೂ ಅನ್ವಯ.

ಗೋಡೆಯ ಪರೀಕ್ಷೆ ಆದ ಮೇಲೆ ಹೊರಗೂ ಎರಡು ಫೋಟೋ ತೆಗೆಯಿರಿ: ದೂರದ ನೀರಿನ ಟ್ಯಾಂಕೋ ಗೋಪುರವೋ ಒಂದು, ಸಂಜೆ ಸೂರ್ಯ ಫ್ರೇಮಿನ ಅಂಚಿನಲ್ಲಿರುವ ಹಾಗೆ ಒಂದು. ಸೂರ್ಯನನ್ನು ಡಿಎಸ್‌ಎಲ್‌ಆರ್‌ನ ಕಣ್ಣುಗಂಡಿಯಲ್ಲಿ ನೋಡಲೇಬೇಡಿ, ಪರದೆಯಲ್ಲೇ ನೋಡಿ. ಹಳೇ ಲೆನ್ಸ್‌ಗಳ ಕೋಟಿಂಗ್ (ಗಾಜಿನ ಮೇಲೆ ಪ್ರತಿಫಲನ ತಡೆಯುವ ಲೇಪ) ಈಗಿನಷ್ಟು ಚೆನ್ನಾಗಿಲ್ಲ, ಬೆಳಕಿಗೆದುರಾಗಿ ಫೋಟೋ ತೊಳೆದ ಹಾಗಾಗುತ್ತದೆ. ಕೆಲವರಿಗೆ ಅದೇ ಇಷ್ಟ. ಇಷ್ಟವಿಲ್ಲದಿದ್ದರೆ ಲೆನ್ಸ್ ಮುಂದೆ ರಬ್ಬರ್ ಹುಡ್ ಹಾಕಿ, ಹೀಲಿಯೋಸ್ 44-2ಕ್ಕೆ 49 ಮಿಮೀದು.

ಎಲ್ಲ ಮುಗಿದ ಮೇಲೆ ಅಡಾಪ್ಟರನ್ನು ಲೆನ್ಸಿನಲ್ಲೇ ಬಿಟ್ಟು, ಹಿಂದೆ ನಿಮ್ಮ ಕ್ಯಾಮೆರಾ ಮೌಂಟಿನ ಮುಚ್ಚಳ ಹಾಕಿಡಿ. ಆ ಚರ್ಮದ ಚೀಲಕ್ಕೆ ಮಾತ್ರ ವಾಪಸ್ ಹಾಕಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಹಿಡಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮೀಟರ್. ಮುಳ್ಳು 40ರಿಂದ 50ರೊಳಗೆ ಇರಲಿ. ಜೆಲ್‌ನ ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿ ಒಣಗಿಸಿಕೊಳ್ಳಬಹುದು, ಅಡುಗೆಯ ಬಾಣಲೆ ಮಾತ್ರ ಬಳಸಬೇಡಿ.